ಯಾವ ಊರಿನ ಆಟಂ?

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರುವ ನಮ್ಮ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಆಂಟಿ, ಕಂಪ್ಯೂಟರ್ ಇಲ್ದೆ ಹೇಗೆ ಮ್ಯಾನೇಜ್ ಮಾಡಿದ್ರಿ?" ಅಯ್ಯೋ ತಾಯಿ, ಕಿವಿ ಇತ್ತು, ಕಾಲಿತ್ತು, ಕಪಾಟಿನ ತುಂಬ ಪುಸ್ತಕವಿತ್ತು, ಮ್ಯಾನೇಜ್ ಮಾಡಿದೆವು. ನನಗೆ ಯಾವಾಗ ಬಡ್ತಿ ಬಂತು, ಬೀಳ್ಕೊಡುಗೆಯ ದಿನ ಯಾರು ಏನು ಭಾಷಣ ಬಿಗಿದರು ಎಂಬುದನ್ನೆಲ್ಲ ಬರೆದು ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ. ಕೆಲಸ ನಿಜವಾಗಿ ಹೇಗಿತ್ತು ಎಂದಷ್ಟೇ ಹೇಳುತ್ತೇನೆ. ತಾಳ್ಮೆ ಇದ್ದರೆ ಓದಿ, ಇಲ್ಲದಿದ್ದರೆ ಫೋನು ನಿಮ್ಮ ಕೈಯಲ್ಲೇ ಇದೆ.

ಎಪ್ಪತ್ತರ ದಶಕದ ಆರಂಭದ ಮಾತು. ನ್ಯೂಜೆರ್ಸಿಯ ಒಂದು ಗಿರಣಿ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಟೆಲಿಫೋನ್ ವಿಭಾಗ ಎಂಬುದೊಂದಿತ್ತು. ಜನ ಮನೆಯಿಂದ, ಅಂಗಡಿಯಿಂದ, ಕಾರ್ಖಾನೆಯ ಗೋಡೆಗೆ ನೇತುಹಾಕಿದ ಪೇ ಫೋನಿನಿಂದ ಕರೆ ಮಾಡಿ ಏನು ಬೇಕಾದರೂ ಕೇಳಬಹುದು. ತಿಮಿಂಗಿಲ ನಿದ್ದೆ ಮಾಡುತ್ತದೆಯೇ? ರೇಷ್ಮೆಯ ಮೇಲೆ ಬಿದ್ದ ಮಸಿ ಹೇಗೆ ಹೋಗುತ್ತದೆ? ಸಂಜೆಯಾದರೆ ಬಾರುಗಳಿಂದ ಬಾಜಿ ಕಟ್ಟಿದವರ ಕರೆ, ಹಿಂದೆ ಗಲಾಟೆ, ಗ್ಲಾಸಿನ ಸದ್ದು. ನಾವು ನಾಲ್ವರು ಹೆಂಗಸರು ದುಂಡು ಮೇಜಿನ ಸುತ್ತ ಕುಳಿತು, ನಡುವಿನ ತಿರುಗುವ ಕಪಾಟಿನಿಂದ ಪುಸ್ತಕ ಎಳೆದು ಉತ್ತರ ಹೇಳಬೇಕು. ಮೇಜಿನ ಮೇಲೆ ಅಡುಗೆಮನೆಯ ಗಂಟೆ ಗಡಿಯಾರವೊಂದಿತ್ತು. ಮೇಲಿನ ನಿರ್ದೇಶಕರು ಕಳಿಸಿದ್ದು, ಒಂದೊಂದು ಕರೆಗೂ ಮಿತಿ ಹಾಕಲಿಕ್ಕೆ. ಅದು ಬಡಿದುಕೊಂಡಾಗಲೆಲ್ಲ ನಾನು ಅದರ ಮೇಲೆ ಟವೆಲ್ ಹಾಕುತ್ತಿದ್ದೆ.

ವಿಭಾಗದ ಮುಖ್ಯಸ್ಥೆ ಮಿಸ್ ಹಾಲಂಡ್. ಮದುವೆಯಾಗದ ಹೆಂಗಸು, ಬೆಳ್ಳಿ ಕೂದಲು, ಚಾಟಿಯಂಥ ನಾಲಗೆ. ನಾನು ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿದವಳು ಎಂದಾಗ, "ಸರಿ, ಆದ್ರೆ ನಿಮ್ಮ ಇಂಗ್ಲಿಷ್ ಫೋನಲ್ಲಿ ಜನಕ್ಕೆ ಅರ್ಥ ಆಗುತ್ತಾ?" ಎಂದು ಮುಖಕ್ಕೇ ಕೇಳಿದರು. "ಅವರ ಇಂಗ್ಲಿಷ್ ನನಗೆ ಅರ್ಥ ಆದ್ರೆ ನನ್ನದೂ ಅವರಿಗೆ ಆಗುತ್ತೆ" ಎಂದೆ. ಆಕೆ ನಗಲಿಲ್ಲ, ಆದರೆ ಕೆಲಸ ಕೊಟ್ಟರು. ಅವರ ನಿಯಮಗಳು ಮೂರು. ಪುಸ್ತಕದಲ್ಲಿ ಇರುವುದನ್ನೇ ಹೇಳಬೇಕು, ಯಾವ ಪುಸ್ತಕ ಎಂದೂ ಹೇಳಬೇಕು. ವಿಷಯ ಗಂಭೀರವಾದರೆ ಎರಡನೆಯ ಆಧಾರ ನೋಡದೆ ಬಾಯಿ ಬಿಡಬಾರದು. ಮತ್ತೆ, ಕರೆ ಮಾಡಿದವರನ್ನು "ಯಾಕೆ ಕೇಳ್ತಿದೀರಿ?" ಎಂದು ಸತ್ತರೂ ಕೇಳಕೂಡದು. ಒಬ್ಬ ಗಂಡಸು ಹೆಂಡತಿಯ ಹುಟ್ಟಿದ ತಿಂಗಳಿಗೆ ಯಾವ ಹರಳು ಎಂದು ಕೇಳಿ, ಅದೇ ಉಸಿರಿನಲ್ಲಿ ಇನ್ನೊಂದು ತಿಂಗಳ ಹರಳನ್ನೂ ಕೇಳಿದರೆ ಎರಡನ್ನೂ ಹೇಳಿ ತೆಪ್ಪಗಿರಬೇಕು.

ಮೊದಲನೆಯ ನಿಯಮ ನನಗೆ ಸರಿಯಾಗಿ ಕೈಕೊಟ್ಟದ್ದು ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ. ನಾನು ಬೀರೂರಿನ ಮಡಿ ಮನೆಯವಳು, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಆ ಹಬ್ಬಕ್ಕೆ ಇಲ್ಲಿ ಮನೆಮನೆಯಲ್ಲೂ ಇಡೀ ಟರ್ಕಿ ಕೋಳಿ ಬೇಯಿಸುತ್ತಾರೆ, ಆ ವಾರ ಬರುವುದೆಲ್ಲ ಅದನ್ನು ಹೇಗೆ ಬೇಯಿಸುವುದು ಎಂಬ ಕರೆ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳಿಗೆ ಪುಸ್ತಕ ನೋಡಿ ಚಾಚೂ ತಪ್ಪದೆ ಓದಿ ಹೇಳಿದೆ. ಹಬ್ಬದ ಮರುದಿನ ಅವಳು ಅಳುತ್ತಾ ಫೋನ್ ಮಾಡಿದಳು. ಅಂಗಡಿಯವರು ಕೋಳಿಯ ಹೊಟ್ಟೆಯೊಳಗೆ ಅದರದೇ ಗುಂಡಿಗೆ, ಈಲಿ ಎಲ್ಲ ತುಂಬಿದ ಚೀಲ ಇಟ್ಟಿರುತ್ತಾರಂತೆ. ಅತ್ತೆ ಮಾವನ ಎದುರಿಗೆ ಕೊಯ್ದಾಗ ಬೆಂದ ಚೀಲ ಹೊರಗೆ ಬಂತಂತೆ. ಚೀಲ ಇರುತ್ತದೆ ಎಂದು ನನಗೇನು ಕನಸು ಬಿದ್ದಿತ್ತೇ? ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡು ಪುಸ್ತಕ ಬರೆದವನು ಅದನ್ನು ಬಿಟ್ಟಿದ್ದ. ಮಿಸ್ ಹಾಲಂಡ್ ನನ್ನನ್ನು ಕರೆದು, "ಮಿಸೆಸ್ ರಾವ್, ಮುಂದಿನ ವರ್ಷ ಟರ್ಕಿ ಕರೆ ಬೇರೆಯವರಿಗೆ ಕೊಡಿ" ಎಂದರು. ನಾನು ಬಿಡಲಿಲ್ಲ. ಮುಂದಿನ ವರ್ಷವೂ ನಾನೇ ಎತ್ತಿಕೊಂಡೆ, ಪ್ರತಿಯೊಬ್ಬರಿಗೂ ಮೊದಲು ಚೀಲ ತೆಗೆಯಿರಿ ಎಂದೆ.

ಇನ್ನು ಮಿಲೆನಾಳ ವಿಷಯ. ಅವಳ ಹೆಸರು ಆಗ ನನಗೆ ಗೊತ್ತಿರಲಿಲ್ಲ. ಬೆಳಗಿನ ಕಾಫಿ ಬಿಡುವಿನ ಹೊತ್ತಿಗೆ ಒಂದು ಕರೆ ಬರುತ್ತಿತ್ತು. ಹಿಂದೆ ಮಗ್ಗಗಳ ಸದ್ದು, ಮುಂದೆ ವಯಸ್ಸಾದ ಹೆಂಗಸಿನ ದಪ್ಪ ದನಿ. ಕೇಳುತ್ತಿದ್ದುದು ಸರ್ಬಿಯಾದ ಸಣ್ಣ ಊರುಗಳ ಬಗ್ಗೆ, ದಿನಕ್ಕೊಂದು. ಪರಾಚಿನ್ ಎಲ್ಲಿದೆ? ನದಿ ಇದೆಯೇ? ಜನ ಏನು ಕೆಲಸ ಮಾಡುತ್ತಾರೆ? ನಾನು ಭೂಗೋಳ ಕೋಶ ತೆಗೆದು, ಗಾಜಿನ ಕಾರ್ಖಾನೆ ಇದೆಯಂತೆ ಎನ್ನುತ್ತಿದ್ದೆ. ನಾಳೆ ಚುಪ್ರಿಯಾ: ಮೊರಾವಾ ನದಿ, ಸಕ್ಕರೆ ಕಾರ್ಖಾನೆ. ಆಮೇಲೆ ಅರಿಲ್ಯೆ: ಹಳೆಯ ಚರ್ಚು. ಪ್ರತಿ ಊರಿಗೂ ಕೊನೆಯಲ್ಲಿ ಅದೇ ಪ್ರಶ್ನೆ, ದನಿ ತಗ್ಗಿಸಿ: "ಅಲ್ಲಿ ಆಟಂ ಇದೆಯಾ?"

"ಇದರಲ್ಲಿ ಹಾಗೇನೂ ಬರೆದಿಲ್ಲ ಮೇಡಂ" ಎಂದರೆ, "ಥ್ಯಾಂಕ್ ಯೂ ಮಗಳೇ" ಎಂದು ಇಟ್ಟುಬಿಡುತ್ತಿದ್ದಳು. ಒಂದು ದಿನ ನನಗೆ ರಜೆ. ಮಿಸ್ ಹಾಲಂಡ್ ತಾವೇ ಕರೆ ಎತ್ತಿಕೊಂಡು, ಆಟಂ ಎಂದರೆ ಅಣುಶಕ್ತಿ ಎಂದು ತಿಳಿದು, ದೊಡ್ಡ ಪುಸ್ತಕ ತೆಗೆದು, ಪೂರ್ವ ಸರ್ಬಿಯಾದ ಕಡೆ ಯುರೇನಿಯಂ ಗಣಿಗಾರಿಕೆ ನಡೆದಿದೆ ಎಂದು ಪುಟದ ಸಮೇತ ಹೇಳಿದ್ದರು. ಆ ಕಡೆ ಕೈಬಿಟ್ಟ ಫೋನು ನೇತಾಡುತ್ತಿರುವ ಸದ್ದು ಕೇಳಿಸಿತಂತೆ. ಅಲ್ಲಿಂದ ಮುಂದೆ ಬಹಳ ದಿನ ಅವಳ ಕರೆಯೇ ಬರಲಿಲ್ಲ.

ಅವಳ ಕರೆಯ ಬದಲು ಸೂಟು ಹಾಕಿಕೊಂಡ ಗಂಡಸೊಬ್ಬ ಬಂದ. ಸರ್ಕಾರದ ಕಡೆಯವನು ಎಂದು ಗುರುತಿನ ಚೀಟಿ ತೋರಿಸಿದ. ಯುಗೋಸ್ಲಾವಿಯಾ, ಆಟಂ ಎಂದೆಲ್ಲ ಯಾರೋ ವಿಚಾರಿಸುತ್ತಿದ್ದಾರಂತಲ್ಲ, ಯಾರದು ಎಂದ. ನಮ್ಮಲ್ಲಿ ಯಾರು ಬಾಯಿ ಬಿಟ್ಟಿದ್ದರೋ ನನಗೆ ಇಂದಿಗೂ ತಿಳಿಯದು. ಮಿಸ್ ಹಾಲಂಡ್ ಕುರ್ಚಿಯಿಂದ ಏಳಲೂ ಇಲ್ಲ. "ಕರೆ ಮಾಡೋರ ಹೆಸರು ನಾವು ಕೇಳಲ್ಲ, ಕಾರಣ ಕೇಳಲ್ಲ. ಗೊತ್ತಿಲ್ಲದ್ದನ್ನ ಹೇಳೋಕ್ಕೆ ಬರಲ್ಲ. ಬಾಗಿಲು ಆ ಕಡೆ" ಎಂದರು. ಅವನು ಹೋದ ಮೇಲೆ ತಾವೇ ಎದ್ದು ಹೋಗಿ ಆ ಬಾಗಿಲು ಹಾಕಿ ಬಂದರು. ಆ ನಿಯಮ ಯಾಕಿದೆ ಎಂದು ನನಗೆ ಅವತ್ತು ಅರ್ಥವಾಯಿತು. ಮನೆಯಲ್ಲಿ ಸುದ್ದಿ ಕೇಳಿ ನಮ್ಮ ಯಜಮಾನರು ಮಾತ್ರ ಕಂಗಾಲಾದರು. ಅವರು ಪವರ್ ಕಂಪನಿಯೊಂದರಲ್ಲಿ ಎಂಜಿನಿಯರ್.

"ನೋಡೇ, ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ. ಆ ಹೆಂಗಸಿನ ಸಹವಾಸ ಬೇಡ" ಎಂದರು.

"ಸಹವಾಸ ಏನು ಬಂತು? ಮುಖ ಕೂಡ ನೋಡಿಲ್ಲ."

"ಅದಕ್ಕೇ ಹೇಳ್ತಿರೋದು, ಮುಖ ನೋಡದೋರಿಗೋಸ್ಕರ ತಲೆ ಕೊಡಬೇಡ ಅಂತ."

ಮುಂದಿನ ವಾರ ಆ ಕರೆ ಮತ್ತೆ ಬಂತು. ದನಿ ಕುಗ್ಗಿಹೋಗಿತ್ತು. ಊರಿನ ಹೆಸರು ಹೇಳಲಿಲ್ಲ. "ಮಗಳೇ, ಯುರೇನಿಯಂ ಗಣಿಗೆ ಹೋದ ಮನುಷ್ಯ ಎಷ್ಟು ವರ್ಷ ಬದುಕ್ತಾನೆ? ಪುಸ್ತಕದಲ್ಲಿ ಇದೆಯಾ?" ಎಂದಳು. ಪುಸ್ತಕ ನನ್ನ ಕೈಯಳತೆಯಲ್ಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ.

"ಯಾಕೆ ಕೇಳ್ತಿದೀರಿ ಅಮ್ಮಾ?" ಎಂದೆ.

ಮೇಜಿನ ಸುತ್ತಲಿನ ಮೂವರೂ ತಲೆಯೆತ್ತಿ ನನ್ನತ್ತ ನೋಡಿದರು. ಕೇಳಿದ್ದಾಯಿತು, ಇನ್ನೇನು! ಅವಳು ಅತ್ತು, ಸುಧಾರಿಸಿಕೊಂಡು, ತುಂಡುತುಂಡಾಗಿ ಹೇಳಿದಳು. ಹೆಸರು ಮಿಲೆನಾ. ಅವಳಿಗೊಬ್ಬ ತಮ್ಮ, ಡ್ರಾಗಾನ್. ಎರಡನೆಯ ಮಹಾಯುದ್ಧದಲ್ಲಿ ಅಪ್ಪ ಅಮ್ಮ ಹೋದರು. ಇವಳನ್ನು ಜರ್ಮನಿಗೆ ದುಡಿಮೆಗೆ ಎಳೆದೊಯ್ದರು, ಹುಡುಗ ಅಲ್ಲೇ ಉಳಿದ. ಯುದ್ಧ ಮುಗಿದ ಮೇಲೆ ಇವಳು ನಿರಾಶ್ರಿತರ ಶಿಬಿರದಿಂದ ಅಮೆರಿಕಕ್ಕೆ ಬಂದಳು. ಅವನು ಸತ್ತನೋ ಬದುಕಿದನೋ ತಿಳಿಯಲಿಲ್ಲ. ಈಗ ಇವಳ ಕಟ್ಟಡದ ಮುದುಕನೊಬ್ಬ ಬಿಟ್ಟುಬಂದ ತನ್ನ ದೇಶ ನೋಡಿಕೊಂಡು ಬಂದಿದ್ದ. ಅಲ್ಲಿ ರೈಲಿನಲ್ಲಿ ಸಿಕ್ಕ, ಇವಳ ಹುಟ್ಟೂರಿನವರು ಯಾರೋ ಅವನಿಗೆ, "ಡ್ರಾಗಾನ್ ಬದುಕಿದಾನೆ, ನದಿ ಪಕ್ಕದ ಒಂದು ಸಣ್ಣ ಊರಲ್ಲಿ ಆಟಂನಲ್ಲಿದಾನೆ, ಬೆಳಿಗ್ಗೆ ಹೊಕ್ಕರೆ ರಾತ್ರಿವರೆಗೂ ಹೊರಗೆ ಬರಲ್ಲ" ಎಂದಿದ್ದರಂತೆ. ಮುದುಕ ಅಷ್ಟನ್ನು ನೆನಪಿಟ್ಟುಕೊಂಡ, ಊರಿನ ಹೆಸರನ್ನು ಮರೆತ.

"ಅದು ಸೆರೆಮನೆ ಗಣಿ ಮಗಳೇ. ಅವನ ಕೈಲಿ ವಿಷದ ಕಲ್ಲು ಅಗೆಸ್ತಿದಾರೆ. ನಾನಿಲ್ಲಿ ಕಾಫಿ ಕುಡೀತಾ ಕೂತಿದೀನಿ."

"ನಿಮ್ಮ ದೇಶದವರೇ ಇಲ್ಲಿ ಇಷ್ಟು ಜನ ಇದಾರಲ್ಲ, ಅವರನ್ನ ಕೇಳಬಾರದಾ?"

"ಅವರಲ್ಲಿ ಯಾರು ಅಲ್ಲಿನ ಕಮ್ಯುನಿಸ್ಟ್ ಸರ್ಕಾರದ ಕಡೆಯವರು ಅಂತ ಯಾರಿಗೆ ಗೊತ್ತು? ಅಮೆರಿಕದಲ್ಲಿ ಅಕ್ಕ ಇದಾಳೆ ಅಂತ ಸುದ್ದಿ ಹೋದ್ರೆ ಅವನನ್ನ ಇನ್ನೂ ಆಳಕ್ಕೆ ಇಳಿಸ್ತಾರೆ. ನಿನಗೆ ಮುಖ ಇಲ್ಲ, ಅದಕ್ಕೇ ನಿನ್ನ ಕೇಳಿದೆ."

ಮಿಸ್ ಹಾಲಂಡ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ನೀವು ಇವತ್ತು ಲೈಬ್ರರಿಯನ್ ಕೆಲಸ ಬಿಟ್ಟು ಸಂಬಂಧಿಕರ ಕೆಲಸ ಶುರು ಮಾಡಿದಿರಿ. ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಪುಸ್ತಕ ಜೋಡಿಸೋ ಕಡೆ ಹಾಕ್ತೀನಿ" ಎಂದರು. ಆಗಲಿ ಎಂದೆ. ಮನಸ್ಸಿನಲ್ಲಿ ಮಾತ್ರ, ಆ ತಮ್ಮ ಎಲ್ಲಿದ್ದಾನೆ ಎಂದು ಹುಡುಕದೆ ಬಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಅವಳ ಗುಟ್ಟು ಹೊರಗೆ ಬೀಳಬಾರದು, ಉತ್ತರ ಮಾತ್ರ ಬೇಕು.

ಆ ಭಾನುವಾರ ನ್ಯೂಯಾರ್ಕ್ ಪಕ್ಕದ ಫ್ಲೋರಲ್ ಪಾರ್ಕ್ ಎಂಬ ಊರಿನ ಒಂದು ಮನೆಯಲ್ಲಿ ನಮ್ಮ ಕನ್ನಡದವರ ಊಟವಿತ್ತು. ಹಾಲಿನ ತುಂಬ ಎಂಜಿನಿಯರುಗಳು, ಡಾಕ್ಟರುಗಳು. ಯಾರ ಹೆಸರೂ ಎತ್ತದೆ, "ಸರ್ಬಿಯಾದ ಸಣ್ಣ ಊರಲ್ಲಿ ಒಬ್ಬ ಆಟಂನಲ್ಲಿ ಕೆಲಸ ಮಾಡ್ತಾನೆ ಅಂದ್ರೆ ಏನಿರಬಹುದು?" ಎಂದು ಸುಮ್ಮನೆ ಕೇಳಿದೆ. ತಗೊಳ್ಳಿ, ಶುರುವಾಯಿತು. ಒಬ್ಬರು ರಿಯಾಕ್ಟರ್ ಎಂದರು. ಇನ್ನೊಬ್ಬರು, ಅಷ್ಟು ಸಣ್ಣ ಊರಲ್ಲಿ ರಿಯಾಕ್ಟರ್ ಎಲ್ಲಿ ಬಂತು, ಅದಿರು ಶುದ್ಧಿ ಮಾಡೋ ಪ್ಲಾಂಟ್ ಎಂದರು. ನಮ್ಮವರು ಪೇಪರ್ ನ್ಯಾಪ್‌ಕಿನ್ ಮೇಲೆ ಚಿತ್ರವನ್ನೇ ಬರೆದರು. ಡಾಕ್ಟರೊಬ್ಬರು ಶ್ವಾಸಕೋಶಕ್ಕೆ ಏನೇನಾಗುತ್ತದೆ ಎಂದು ವಿವರಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! ನನಗೆ ಸಿಟ್ಟು ಬಂದು ಅಡುಗೆಮನೆಗೆ ಹೋದೆ.

ಅಲ್ಲಿ ಧಾರವಾಡದ ಪದ್ಮಾಬಾಯಿ ಬಾಣಲೆಯ ಮುಂದೆ ನಿಂತಿದ್ದರು. ಬೆರಳುದ್ದದ ಮೆಣಸಿನಕಾಯಿ ಬಜ್ಜಿ ನನ್ನ ಕೈಗಿಟ್ಟು, "ತಗೋರಿ, ಆಟಂ ಬಜ್ಜಿ! ನಮ್ಮ ಓಣ್ಯಾಗ ಹಂಗ ಅಂತಿದ್ವಿ. ಒಂದ ತಿಂದ್ರ ಕಿವ್ಯಾಗ ಹೊಗಿ ಬರತೈತಿ" ಎಂದರು.

ಬಜ್ಜಿ ಕೈಯಲ್ಲೇ ಉಳಿಯಿತು. ನಮ್ಮ ಬೀರೂರಿನಲ್ಲಿ ರೈಲ್ವೆ ಸ್ಟೇಷನ್ ಎದುರಿಗೆ ಆಟಂ ಟೈಲರ್ಸ್ ಇತ್ತು. ಅದರ ಪಕ್ಕದಲ್ಲಿ ಆಟಂ ಸೋಡಾ. ದೀಪಾವಳಿಗೆ ಆಟಂ ಬಾಂಬು. ಗಣಿತದ ಮೇಷ್ಟ್ರು ಸಿಟ್ಟುಗಾರರಾದ್ದರಿಂದ ಅವರ ಅಡ್ಡಹೆಸರೂ ಅದೇ. ನಾನು ಹುಡುಗಿಯಾಗಿದ್ದಾಗ ಜಗತ್ತಿನ ಹೊಸ ಪದ ಅದು. ಯಾರು ಅಂಗಡಿ ಇಟ್ಟರೂ ಅದನ್ನೇ ಬರೆಸುತ್ತಿದ್ದರು. ಬೀರೂರಿನಲ್ಲಿ ಯಾರಾದರೂ ಆಟಂನಲ್ಲಿ ಇದ್ದಾನೆ ಎಂದರೆ ಅವನು ಗುಂಡಿ ಹೊಲಿಯುತ್ತಿದ್ದಾನೆ ಎಂದು ಎಮ್ಮೆ ಕಾಯುವವನಿಗೂ ಗೊತ್ತಾಗುತ್ತಿತ್ತು. ಸಣ್ಣ ಊರುಗಳು ಬರಿ ಕರ್ನಾಟಕದಲ್ಲಿ ಮಾತ್ರ ಇವೆಯೇನು? ಹಾಲಿಗೆ ಬಂದು, "ನಿಮ್ಮ ರಿಯಾಕ್ಟರ್ ಎಲ್ಲ ಮಡಿಚಿ ಇಡಿ" ಎಂದೆ. ನಮ್ಮವರಿಗೆ ಏನೂ ಅರ್ಥವಾಗಲಿಲ್ಲ.

ದಾರಿಯಲ್ಲಿ ಕಾರಿನಲ್ಲಿ ಅವರಿಗೆ ಎಲ್ಲ ಹೇಳಿದೆ, ಮಿಲೆನಾಳ ಹೆಸರೊಂದನ್ನು ಬಿಟ್ಟು. ಸರ್ಬಿಯನ್ನರ ಚರ್ಚಿಗೇ ಹೋಗಿ ಕೇಳ್ತೀನಿ ಎಂದೆ. ಅದಕ್ಕೆ ಅವರು, "ಬಸ್ಸಲ್ಲಿ ಹೋಗ್ಬೇಡ, ನಾನೇ ಬಿಡ್ತೀನಿ" ಎಂದರು. ಬೈದರೂ ನನ್ನವರೇ ತಾನೇ.

ಮುಂದಿನ ಭಾನುವಾರ ಸರ್ಬಿಯನ್ನರ ಚರ್ಚಿನ ಪಕ್ಕದ ಸಭಾಂಗಣಕ್ಕೆ ಹೋದೆ. ಪೂಜೆ ಮುಗಿಸಿ ಜನ ಅಲ್ಲಿ ಕಾಫಿ ಕುಡಿಯುತ್ತಾರೆ ಎಂದು ತಿಳಿದುಕೊಂಡಿದ್ದೆ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬಿ ಚಕ್ಕುಲಿ. ನನ್ನ ಸೀರೆ ನೋಡಿ ಎಲ್ಲರೂ ಕಾಫಿ ಲೋಟ ಹಿಡಿದುಕೊಂಡೇ ನನ್ನತ್ತ ತಿರುಗಿದರು. ಗ್ರಂಥಾಲಯದಿಂದ ಬಂದಿದ್ದೇನೆ, ಒಂದು ಪ್ರಶ್ನೆ ಇದೆ, ಯಾರು ಕೇಳಿದರು, ಯಾಕೆ ಕೇಳಿದರು ಎಂದು ಹೇಳುವ ಹಾಗಿಲ್ಲ ಎಂದೆ. "ನಿಮ್ಮ ಊರಲ್ಲಿ ಆಟಂ ಅಂತ ಏನಕ್ಕಾದ್ರೂ ಹೆಸರಿದೆಯಾ?"

ಕಾಫಿ ಕೊಡುತ್ತಿದ್ದ ಹೆಂಗಸು ನಕ್ಕುಬಿಟ್ಟಳು. "ನಮ್ಮೂರ ಫುಟ್‌ಬಾಲ್ ತಂಡ! ಆಡಿದ್ದೆಲ್ಲ ಸೋತರು." ಅಲ್ಲಿಂದ ಹಿಡಿಯುವವರಿಲ್ಲ. ಒಬ್ಬನ ಊರಲ್ಲಿ ಅದು ಟಾಕೀಸು. ಇನ್ನೊಬ್ಬನ ಊರಲ್ಲಿ ಕ್ಷೌರದಂಗಡಿ. "ನಮ್ಮಪ್ಪ ಇಳಿಸೋ ಪ್ಲಮ್ ಹಣ್ಣಿನ ಸಾರಾಯಿಗೆ ಹಾಗಂತಿದ್ರು." "ನಮ್ಮ ಚಿಕ್ಕಪ್ಪನ ಗೂಳಿ ಹೆಸರು ಅದೇ!" "ಅಯ್ಯೋ, ನನ್ನ ಅತ್ತೆ!" ಎಂದು ಒಬ್ಬಾಕೆ ಹೇಳಿ ಬಾಯಿ ಮುಚ್ಚಿಕೊಂಡಳು, ಅತ್ತೆ ಅಲ್ಲೇ ಕುಳಿತಿದ್ದರು. ಚಕ್ಕುಲಿ ಖಾಲಿಯಾಯಿತು. ಕೊನೆಗೆ ಮೂಲೆಯಲ್ಲಿದ್ದ ಲಾರಿ ಡ್ರೈವರ್ ಒಬ್ಬ ಮೆಲ್ಲಗೆ, "ನಮ್ಮೂರಲ್ಲಿ ಆಟಂ ಅಂದ್ರೆ ಐಸ್‌ಕ್ರೀಮ್ ಅಂಗಡಿ. ಚೌಕದಲ್ಲಿದೆ, ನದಿ ಹತ್ರ" ಎಂದ.

"ಯಾರು ನಡೆಸ್ತಾರೆ?" ಎಂದೆ.

"ಡ್ರಾಗಾನ್ ಅಂತ. ನಮ್ಮೂರವನಲ್ಲ, ಯುದ್ಧದಲ್ಲಿ ಎಲ್ಲಾರನ್ನೂ ಕಳ್ಕೊಂಡು ಬಂದ ಹುಡುಗ. ಒಳ್ಳೆ ಮನುಷ್ಯ. ಬೇಸಿಗೆ ಬಂದ್ರೆ ಪಾಪ, ಒಳಗಿಂದ ಹೊರಗೆ ಬರೋಕ್ಕೆ ಪುರುಸೊತ್ತಿರಲ್ಲ."

ನಾನು ಕಾಫಿ ಲೋಟ ಕೆಳಗಿಟ್ಟೆ. ಆ ಊರಿನ ಹೆಸರನ್ನು ಅವನು ಹೇಳಿದ. ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟು ಮಟ್ಟಿಗೆ ನಾನು ಇನ್ನೂ ಮಿಸ್ ಹಾಲಂಡರ ಕೈಕೆಳಗಿನವಳೇ.

ಸೋಮವಾರ ಬೆಳಿಗ್ಗೆ ನೇರ ಅವರ ಕೋಣೆಗೆ ಹೋಗಿ ಮಾಡಿದ್ದನ್ನೆಲ್ಲ ಹೇಳಿದೆ. ಪುಸ್ತಕ ಜೋಡಿಸಲು ಕಳಿಸುವುದಾದರೆ ಕಳಿಸಿ, ಮೊದಲು ಇದು ಮುಗಿಯಲಿ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ನಿಮ್ಮ ಆಧಾರ?"

"ಒಬ್ಬ ಲಾರಿ ಡ್ರೈವರ್."

"ಡ್ರಾಗಾನ್ ಅನ್ನೋ ಹೆಸರಿನವರು ಆ ದೇಶದಲ್ಲಿ ಎಷ್ಟು ಜನ ಇದಾರೆ?"

"ನಮ್ಮಲ್ಲಿ ಎಷ್ಟು ರಾಮಪ್ಪ ಇದಾರೋ ಅಷ್ಟು."

"ಹಾಗಾದ್ರೆ ಆಕೆಗೆ ಈಗಲೇ ಹೇಳಿ ಆಸೆ ಹುಟ್ಟಿಸಬೇಡಿ. ಎರಡನೇ ಆಧಾರ ಬೇಕು" ಎಂದರು. ನನಗೆ ರಕ್ತ ಕುದಿಯಿತು. ಏನಾದರೂ ಅಂದುಬಿಡುತ್ತಿದ್ದೆನೇನೋ, ಅಷ್ಟರಲ್ಲಿ ಅವರು ತಮ್ಮ ಮೇಜಿನ ಫೋನನ್ನು ನನ್ನ ಕಡೆ ತಳ್ಳಿ, "ಆಪರೇಟರ್‌ಗೆ ಹೇಳಿ ಆ ಊರಿನ ಪೋಸ್ಟ್ ಆಫೀಸಿಗೆ ಕರೆ ಬುಕ್ ಮಾಡಿ. ಮಾತಾಡೋಕ್ಕೆ ಭಾಷೆ ಬಲ್ಲವರು ಬೇಕು. ಆಕೆನ ಇಲ್ಲಿಗೆ ಕರೆಸಿ" ಎಂದರು. ಹೊರದೇಶಕ್ಕೆ ಆ ಫೋನಿನಿಂದ ಕರೆ ಮಾಡುವ ಹಾಗೇ ಇರಲಿಲ್ಲ. ನಿರ್ದೇಶಕರು ಕೇಳಿದರೆ ಎಂದೆ. "ಇದು ರೆಫರೆನ್ಸ್ ಕೆಲಸ, ಕೇಳಿದ್ದಕ್ಕೆ ಉತ್ತರ ಹುಡುಕೋದು" ಎಂದರು.

ಕಾಫಿ ಬಿಡುವಿನ ಕರೆ ಬಂದಾಗ ಮಿಲೆನಾಗೆ ಎರಡೇ ಮಾತು ಹೇಳಿದೆ: ಇರಬಹುದು, ಇರದೆಯೂ ಇರಬಹುದು, ಆದರೆ ನೀವೇ ಬಂದು ಮಾತಾಡಬೇಕು. ಬರುವುದಿಲ್ಲ ಎಂದಳು. ಅವನಿಗೆ ತೊಂದರೆಯಾದರೆ ಎಂದಳು. "ಗಣಿಯಲ್ಲಿದಾನೆ ಅಂತ ನೀವು ದಿನಾ ಸಾಯ್ತಿದೀರಲ್ಲ, ಅದಕ್ಕಿಂತ ಹೆಚ್ಚಿನ ತೊಂದರೆ ಏನಿದೆ? ಈಗ ಕಾಲ ಬದಲಾಗಿದೆ, ನಿಮ್ಮ ಜನ ಹೋಗ್ತಾರೆ, ಬರ್ತಾರೆ. ನಾನು ಪಕ್ಕದಲ್ಲೇ ಕೂತಿರ್ತೀನಿ, ಬನ್ನಿ" ಎಂದು ಗದರಿದೆ. ಮರುದಿನ ಬೆಳಿಗ್ಗೆ ಬಂದಳು. ಗಿಡ್ಡ ಹೆಂಗಸು, ತಲೆಗೆ ಸ್ಕಾರ್ಫು, ನೂಲಿನ ಧೂಳು ಹತ್ತಿದ ಕೋಟು. ನನ್ನನ್ನು ನೋಡಿ, "ನೀನು ಇಷ್ಟು ಚಿಕ್ಕವಳಾ!" ಎಂದಳು.

ಆಪರೇಟರ್ ಒಬ್ಬಳಿಂದ ಇನ್ನೊಬ್ಬಳಿಗೆ, ನ್ಯೂಯಾರ್ಕಿನಿಂದ ಯೂರೋಪಿಗೆ, ಅಲ್ಲಿಂದ ಬೆಲ್‌ಗ್ರೇಡಿಗೆ ಲೈನು ಹೋಯಿತು. ಪೋಸ್ಟ್ ಆಫೀಸಿನ ಹೆಂಗಸು ಎತ್ತಿಕೊಂಡಳು. ಮಿಲೆನಾ ಏನೋ ಹೇಳಿದಳು. ನನಗೆ ಅರ್ಥವಾದದ್ದು ಆಟಂ ಎಂಬ ಒಂದೇ ಮಾತು. ಕರೆತರಲು ಓಡಿದ್ದಾರೆ ಎಂದು ನಮಗೆ ಸನ್ನೆ ಮಾಡಿದಳು. ಅವಳ ಇನ್ನೊಂದು ಕೈ ನನ್ನ ಮಣಿಕಟ್ಟನ್ನು ಬಳೆ ಒತ್ತುವ ಹಾಗೆ ಹಿಡಿದಿತ್ತು.

ಗಂಡಸಿನ ದನಿ ಬಂತು. ಮಿಲೆನಾ ತನ್ನ ಹೆಸರು ಹೇಳಲಿಲ್ಲ. ಗಟ್ಟಿಯಾಗಿ, ಅಧಿಕಾರಿಯ ಹಾಗೆ ಒಂದು ಪ್ರಶ್ನೆ ಕೇಳಿದಳು. ನಿನ್ನ ತಾಯಿಯ ಹೆಸರೇನು ಎಂದು ಕೇಳಿದಳೆಂದು ಆಮೇಲೆ ತಿಳಿಯಿತು. ಆ ಕಡೆಯಿಂದ ಉತ್ತರ ಬಂತು. ಅವಳು ಕುರ್ಚಿಯಿಂದ ಜಾರಿ ನೆಲದ ಮೇಲೆ ಕುಳಿತಳು, ಫೋನು ಮಾತ್ರ ಕಿವಿಯಿಂದ ಬಿಡಲಿಲ್ಲ. ಆಮೇಲೆ ಶುರುವಾದ ಮಾತು ನಿಲ್ಲಲೇ ಇಲ್ಲ. ಅಳು, ಬೈಗಳು, ನಗು ಎಲ್ಲ ಒಟ್ಟಿಗೆ. ಹೊರಗೆ ಮೇಜಿನ ಮೇಲೆ ಫೋನುಗಳು ಬಡಿದುಕೊಳ್ಳುತ್ತಿದ್ದವು. ಮಿಸ್ ಹಾಲಂಡ್ ತಾವೇ ಹೋಗಿ ಎತ್ತಿಕೊಂಡರು, ಮತ್ತೆ ಬಂದು ಬಾಗಿಲಲ್ಲಿ ನಿಂತರು.

ಲೈನು ಕಡಿದು ಹೋಯಿತು. ಮಿಲೆನಾ ಸ್ಕಾರ್ಫು ಬಿಚ್ಚಿ ಮುಖ ಒರೆಸಿಕೊಂಡಳು.

"ಕೈ ತೊಳೆಯದೆ ಓಡಿ ಬಂದಿದಾನೆ, ಫೋನೆಲ್ಲ ಐಸ್‌ಕ್ರೀಮ್ ಆಗಿದೆಯಂತೆ, ಪೋಸ್ಟ್ ಆಫೀಸಿನವಳು ಬೈತಿದಾಳೆ" ಎಂದಳು. ನಗುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. "ಜರ್ಮನಿಗೆ ಹೋದ ನಾನು ಅಲ್ಲೇ ಸತ್ತೆ ಅಂತ ಅವನಿಗೆ ಯಾರೋ ಹೇಳಿದ್ರಂತೆ. ನಮ್ಮ ಚರ್ಚುಗಳಲ್ಲಿ ಮೇಣದ ಬತ್ತಿ ಹಚ್ಚೋಕ್ಕೆ ಎರಡು ಜಾಗ ಇರುತ್ತೆ ಮಗಳೇ. ಮೇಲೆ ಬದುಕಿರೋರಿಗೆ, ಕೆಳಗೆ ಸತ್ತೋರಿಗೆ. ಅಪ್ಪ ಅಮ್ಮನ ಜೊತೆ ನನಗೂ ಕೆಳಗೆ ಹಚ್ತಾ ಬಂದಿದಾನೆ, ಇಷ್ಟು ವರ್ಷ."

ಮಿಸ್ ಹಾಲಂಡ್ ಕನ್ನಡಕ ತೆಗೆದರು. ನಾನು ನೆಲದ ಮೇಲೆ ಅವಳ ಪಕ್ಕದಲ್ಲೇ ಕುಳಿತೆ.

"ನಾಳೆ ಅಂಗಡಿ ತೆಗೆಯೋಕ್ಕೆ ಮುಂಚೆ ಹೋಗಿ" ಎಂದಳು ಮಿಲೆನಾ, "ನನ್ನದನ್ನ ಮೇಲೆ ಹಚ್ತಾನಂತೆ."